ಇಷ್ಟು ಮನೆಗೆ ಬೀಗ, ಬಾಡಿಗೆಗೆ ಮಾತ್ರ ಒಂದೂ ಇಲ್ಲ!

ಕೊಪ್ಪದ ಸಹೋದರಿಗೆ ನಮಸ್ಕಾರ.

ನಿಮ್ಮ ಪತ್ರ ಓದಿ ಮನಸ್ಸಿಗೆ ಬೇಜಾರಾಯಿತು. ನರ್ಸ್ ಕೆಲಸ ಸಿಕ್ಕಿ ಎಂಟು ತಿಂಗಳಾದರೂ ಬಾಡಿಗೆ ಮನೆ ಸಿಗದೆ ದಿನಾ ಶೃಂಗೇರಿಯಿಂದ ಬಸ್ಸಿನಲ್ಲಿ ಓಡಾಡುತ್ತಿದ್ದೀರಿ. "ಆಸ್ಪತ್ರೆ ಬೀದಿಯಲ್ಲೇ ನಾಲ್ಕು ಮನೆಗೆ ಬೀಗ. ಮಲೆನಾಡಿನಲ್ಲಿ ಜನ ಕಮ್ಮಿಯಾಗುತ್ತಿದ್ದಾರೆ ಅಂತ ನೀವೇ ಬರೆಯುತ್ತೀರಿ. ಹಾಗಾದರೆ ಬಾಡಿಗೆ ಇಳಿಯಬೇಕಿತ್ತು ಅಲ್ವಾ?" ಎಂದು ಕೇಳಿದ್ದೀರಿ.

ಜನ ಕಮ್ಮಿಯಾಗಿದ್ದು ನಿಜ. 2001ರ ಜನಗಣತಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ 11,40,905 ಜನ ಇದ್ದರು. 2011ಕ್ಕೆ 11,37,961 ಆಯಿತು. ಅದೇ ಹತ್ತು ವರ್ಷದಲ್ಲಿ ರಾಜ್ಯದ ಜನಸಂಖ್ಯೆ ಶೇ. 15.6ರಷ್ಟು ಏರಿತ್ತು. ಆದರೆ ಮನೆ ಬೇಕಾಗುವುದು ತಲೆ ಲೆಕ್ಕಕ್ಕಲ್ಲ, ಒಲೆ ಲೆಕ್ಕಕ್ಕೆ.

ತೀರ್ಥಹಳ್ಳಿಯಲ್ಲಿ ನಮ್ಮ ದೊಡ್ಡಪ್ಪನ ಮನೆ ಇದೆ. ನಾನು ಚಿಕ್ಕವನಿದ್ದಾಗ ಅಲ್ಲಿ ಒಂಬತ್ತು ಜನ, ಒಂದೇ ಒಲೆ. ಆಮೇಲೆ ಒಬ್ಬ ಅಣ್ಣ ಬೆಂಗಳೂರಿಗೆ, ಇನ್ನೊಬ್ಬ ಶಿವಮೊಗ್ಗಕ್ಕೆ ಹೋದರು. ಅಕ್ಕ ಮದುವೆಯಾಗಿ ಮಂಗಳೂರು ಸೇರಿದಳು. ಆ ದೊಡ್ಡ ಮನೆಯಲ್ಲಿ ದೊಡ್ಡಮ್ಮ ಒಬ್ಬರೇ ಉಳಿದರು. ಒಂದು ಒಲೆ ನಾಲ್ಕಾಯಿತು. ದೊಡ್ಡಮ್ಮ ತೀರಿಕೊಂಡ ಮೇಲೆ ಮನೆಗೆ ಬೀಗ ಬಿತ್ತು.

ಹೋದ ದೀಪಾವಳಿಗೆ ಬಾಗಿಲು ತೆಗೆದಾಗ ಬೂಷ್ಟಿನ ವಾಸನೆ ಮುಖಕ್ಕೆ ಹೊಡೆಯಿತು. ಮಳೆಗೆ ಹಂಚು ಸರಿದು ನೀರು ಇಳಿದಿತ್ತು. ಅಟ್ಟದ ತೊಲೆಗೆ ಗೆದ್ದಲು ಹಿಡಿದಿತ್ತು. "ಬಾಡಿಗೆಗಾದರೂ ಕೊಡು" ಅಂದೆ. ಅಣ್ಣ ಹೇಳಿದ್ದು ಇಷ್ಟು: "ಬಂದವರು ಬಿಡದೆ ಹೋದರೆ ಏನು ಮಾಡೋದು? ಪಾಲು ಬೇರೆ ಆಗಿಲ್ಲ. ಹಬ್ಬಕ್ಕೆ ಬಂದರೆ ನಾವೆಲ್ಲಿ ಇಳಿಯೋದು?"

ನಿಮ್ಮ ಬೀದಿಯ ನಾಲ್ಕು ಬೀಗದ ಹಿಂದೆಯೂ ಹೆಚ್ಚುಕಮ್ಮಿ ಇದೇ ಮಾತು ಇರಬಹುದು. ರಿಪೇರಿ ಮಾಡಿಸಿದವರಲ್ಲಿ ಕೆಲವರು ಹೋಂಸ್ಟೇ ಮಾಡುತ್ತಾರೆ. ವಾರಾಂತ್ಯದ ಎರಡು ರಾತ್ರಿಗೇ ಒಳ್ಳೆ ದುಡ್ಡು ಬರುವಾಗ ತಿಂಗಳ ಬಾಡಿಗೆ ಯಾರಿಗೆ ಬೇಕು?

ಸರ್ಕಾರದ ಯೋಜನೆ ಬಗ್ಗೆಯೂ ಕೇಳಿದ್ದೀರಿ. 2024ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ ಸ್ವಂತ ಸೈಟು ಇದ್ದವರಿಗೆ ಮನೆ ಕಟ್ಟಲು ಸಹಾಯಧನ ಇದೆ. ಸೈಟೇ ಇಲ್ಲದ, ಮೂರು ವರ್ಷಕ್ಕೆ ವರ್ಗ ಆಗುವ ನಿಮ್ಮಂಥವರಿಗೆ ಅದು ಉಪಯೋಗಕ್ಕೆ ಬಾರದು. ಕಮ್ಮಿ ಬಾಡಿಗೆಯ ಮನೆ ಕಟ್ಟಿಸುವ ಭಾಗವೂ ಅದರಲ್ಲೇ ಇದೆ. ಸಣ್ಣ ಪೇಟೆಗಳಿಗೆ ಮೊದಲು ಬರಬೇಕಾದ್ದು ಅದು. ನರ್ಸು, ಮೇಷ್ಟ್ರು, ಬಸ್ ಕಂಡಕ್ಟರ್ ಇರಲು ಜಾಗ ಇಲ್ಲದಿದ್ದರೆ ಇರುವ ವಯಸ್ಸಾದವರನ್ನು ನೋಡಿಕೊಳ್ಳುವವರು ಯಾರು?

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಬೀಗದ ಕೈ ಪಕ್ಕದ ಮನೆಯಲ್ಲಿರುತ್ತದೆ. ಅವರಿಂದ ಮಾಲೀಕರ ಫೋನ್ ನಂಬರ್ ತೆಗೆದುಕೊಳ್ಳಿ. ಹನ್ನೊಂದು ತಿಂಗಳ ಕರಾರು ಬರೆದುಕೊಡುತ್ತೇನೆ ಅನ್ನಿ. ಒಂದು ಕೋಣೆಗೆ ಅವರೇ ಬೀಗ ಹಾಕಿಕೊಳ್ಳಲಿ, ಹಬ್ಬಕ್ಕೆ ಬಂದು ಇಳಿಯಲಿ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವ ಜವಾಬ್ದಾರಿ ನನ್ನದು ಅಂತಲೂ ಹೇಳಿ. ನಮ್ಮಣ್ಣ ಕೊನೆಗೆ ಒಪ್ಪಿದ್ದು ಈ ಮಾತಿಗೇ. ಈ ಜೂನ್‌ನಿಂದ ಅಲ್ಲಿ ಒಬ್ಬ ಮೇಷ್ಟ್ರ ಸಂಸಾರ ಇದೆ.

ಬೀಗ ಹಾಕಿದ ಮನೆ ಇರುವ ಓದುಗರೇ, ನೀವೂ ಬರೆಯಿರಿ. ಬಾಡಿಗೆಗೆ ಕೊಡಲು ನಿಮ್ಮನ್ನು ತಡೆಯುತ್ತಿರುವುದು ಏನು? ಮುಂದಿನ ಸಂಚಿಕೆಯಲ್ಲಿ ಆ ಪತ್ರಗಳನ್ನೇ ಹಾಕುತ್ತೇವೆ.

— ಸಂಪಾದಕ