ರೆಡ್ ಆಕ್ಸೈಡ್ ನೆಲದ ಹಾಲ್‌ಗೆ ತಿಳಿ ಹಸಿರು ಗೋಡೆ ಹೊಂದುತ್ತದೆಯೇ?

ಪ್ರಶ್ನೆ: ಮೂಡಿಗೆರೆ ಹತ್ತಿರ ತೋಟದ ಮನೆ. ಹಾಲ್ 14×12 ಅಡಿ, ಎತ್ತರ 10 ಅಡಿ. ರೆಡ್ ಆಕ್ಸೈಡ್ ನೆಲ, ಹಲಸಿನ ಬಾಗಿಲು-ಕಿಟಕಿ, ಮೇಲೆ ಮರದ ಮುಚ್ಚಿಗೆ. ಕಿಟಕಿಗಳು ಉತ್ತರಕ್ಕಿವೆ, ಹೊರಗೆ ಕಾಫಿ ಗಿಡ, ಸಿಲ್ವರ್ ಓಕ್. ವರ್ಣಚಕ್ರದಲ್ಲಿ (ಬಣ್ಣಗಳನ್ನು ವೃತ್ತವಾಗಿ ಜೋಡಿಸಿದ ಚಿತ್ರ) ಕೆಂಪಿಗೆ ಎದುರು ಹಸಿರು ಅಂತ ಓದಿ, ಹಾಲ್‌ಗೆ ತಿಳಿ ಹಸಿರು ಎಮಲ್ಷನ್ 4 ಲೀಟರ್ ಮಿಕ್ಸ್ ಮಾಡಿಸಿ ತಂದಿದ್ದೇವೆ. ಪೇಂಟರ್ ಬೇಡ ಅನ್ನುತ್ತಿದ್ದಾರೆ. ಹಿಂದೆ ಪಶ್ಚಿಮಕ್ಕೆ ಕಿಟಕಿ ಇರುವ, ಬಿಳಿ ಟೈಲ್ಸ್ ಹಾಕಿದ 11×10ರ ಮಲಗುವ ಕೋಣೆಗೂ ಬಣ್ಣ ಬೇಕು. ಏನು ಮಾಡೋಣ?

ಪೇಂಟರ್ ಮಾತು ಕೇಳಿ. ನೀವು ಓದಿದ ನಿಯಮ ಸರಿಯಾಗಿಯೇ ಇದೆ, ಆದರೆ ಅದನ್ನು ಈ ಹಾಲ್‌ನ ಗೋಡೆಗೆ ಹಾಕಬಾರದು.

ಚಕ್ರದಲ್ಲಿ ಎದುರುಬದುರಾಗಿ ಕೂತ ಎರಡು ಬಣ್ಣ ಪಕ್ಕಪಕ್ಕ ಬಂದರೆ ಒಂದನ್ನೊಂದು ಏರಿಸುತ್ತವೆ. ಕೆಂಪು ಇನ್ನೂ ಕೆಂಪಾಗಿ, ಹಸಿರು ಇನ್ನೂ ಹಸಿರಾಗಿ ಕಾಣುತ್ತದೆ. ಪ್ಯಾರಿಸ್‌ನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರೋಲ್‌ಗೆ ಕಪ್ಪು ನೂಲು ಮಂಕಾಗಿದೆ ಎಂಬ ದೂರು ಬಂದಿತ್ತು. ಬಣ್ಣದಲ್ಲಿ ದೋಷವಿರಲಿಲ್ಲ, ಪಕ್ಕದಲ್ಲಿ ನೇಯ್ದ ಬಣ್ಣಗಳಿಂದಾಗಿ ಕಪ್ಪು ಕಣ್ಣಿಗೆ ಹಾಗೆ ಕಾಣುತ್ತಿತ್ತು. 1839ರಲ್ಲಿ ಅವರು ಇದನ್ನೇ ನಿಯಮವಾಗಿ ಬರೆದರು. ನಮ್ಮ ಸೀರೆಗಳಲ್ಲಿ ಈ ನಿಯಮ ಚೆನ್ನಾಗಿ ಕೆಲಸ ಮಾಡುತ್ತದೆ: ಮಾವಿನೆಲೆ ಹಸಿರು ಒಡಲಿಗೆ ಕುಂಕುಮ ಕೆಂಪಿನ ಅಂಚು. ಅಲ್ಲಿ ಕೆಂಪು ನಾಲ್ಕು ಬೆರಳು ಅಗಲವಷ್ಟೆ. ಎರಡೂ ಸಮ ಸಮ ಬಂದರೆ ಕಣ್ಣು ಎಲ್ಲೂ ನಿಲ್ಲುವುದಿಲ್ಲ.

ಹಾಗಾಗಿ ಮೊದಲು ಅಳತೆ ಹಾಕಿ, ಆಮೇಲೆ ಶೇಡ್ ಕಾರ್ಡ್ ತೆಗೆಯಿರಿ. ನಿಮ್ಮ ಹಾಲ್‌ನ ಸುತ್ತಳತೆ 52 ಅಡಿ, ಎತ್ತರ 10, ಅಂದರೆ 520 ಚದರ ಅಡಿ. ಎರಡು ಬಾಗಿಲು, ಎರಡು ಕಿಟಕಿಗೆ ಸುಮಾರು 80 ಕಳೆದರೆ ಗೋಡೆ 440. ನೆಲ 168, ಮುಚ್ಚಿಗೆ 168. ಒಟ್ಟು ಲೆಕ್ಕದಲ್ಲಿ ಗೋಡೆ ಅರ್ಧ, ಮರ (ಮುಚ್ಚಿಗೆ, ಬಾಗಿಲು, ಕಿಟಕಿ ಸೇರಿ) ಶೇ. 29, ಕೆಂಪು ನೆಲ ಶೇ. 20. ಅಲಂಕಾರದ ಬಗ್ಗೆ ಬರೆಯುವವರು 60-30-10 ಅನ್ನುತ್ತಾರಲ್ಲ (ಮುಖ್ಯ ಬಣ್ಣ 60 ಪಾಲು, ಜೊತೆ ಬಣ್ಣ 30, ಎದ್ದು ಕಾಣುವುದು 10), ಅದರಲ್ಲಿ ನಿಮ್ಮ 30 ಪಾಲನ್ನು ಮರ ತುಂಬಿಬಿಟ್ಟಿದೆ, ಎದ್ದು ಕಾಣುವ 10ರ ಜಾಗದಲ್ಲಿ ನೆಲ 20 ಪಾಲು ಕೂತಿದೆ. ಗೋಡೆ ಈಗ ಸುಮ್ಮನಿರಬೇಕು. ಅದೂ ಮಾತಾಡಿದರೆ ಹಾಲ್‌ನಲ್ಲಿ ಜಗಳ.

ಇನ್ನೊಂದು ಕಾರಣ ಕಿಟಕಿಯ ಹೊರಗಿದೆ. ತೋಟದ ಎಲೆ ದಾಟಿ ಬರುವ ಬೆಳಕಿಗೇ ಹಸಿರು ಬೆರೆತಿರುತ್ತದೆ. ತಿಳಿ ಹಸಿರು ಗೋಡೆ ಅದನ್ನು ಎರಡರಷ್ಟು ಮಾಡುತ್ತದೆ, ಕೂತವರ ಮುಖ ಕಾಯಿಲೆ ಬಿದ್ದವರಂತೆ ಕಾಣುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಬ್ಬಿನಲ್ಲಿ ಇದು ತೀರಾ ಜಾಸ್ತಿ. ಕತ್ತಲು ಕವಿದಂತೆ ನಮ್ಮ ಕಣ್ಣಿಗೆ ಕೆಂಪು ಮೊದಲು ಕಪ್ಪಾಗುತ್ತದೆ, ಹಸಿರು-ನೀಲಿ ಕೊನೆವರೆಗೂ ಉಳಿಯುತ್ತದೆ. ಮಳೆಗಾಲದ ಸಂಜೆ ನಿಮ್ಮ ನೆಲ ಹೆಚ್ಚುಕಡಿಮೆ ಕರಿ ನೆಲವಾಗಿ, ಹಸಿರು ಗೋಡೆಯೊಂದೇ ತೇಲುತ್ತಿರುತ್ತದೆ.

ಹಾಗಂತ ಅಚ್ಚ ಬಿಳಿಗೆ ಹೋಗಬೇಡಿ. ಅಂಗಡಿಯ ಬಿಳಿಗಳಲ್ಲಿ ಹಲವಕ್ಕೆ ಒಂದು ಹನಿ ನೀಲಿ ಬಿದ್ದಿರುತ್ತದೆ. ಸುಣ್ಣಕ್ಕೆ ನೀಲಿ ಹಾಕುತ್ತಿದ್ದದ್ದೂ ಇದೇ ಕಾರಣಕ್ಕೆ: ಸುಣ್ಣದ ಹಳದಿಯನ್ನು ನೀಲಿ ಅಡಗಿಸುತ್ತದೆ. ಆದರೆ ಉತ್ತರದ ತಣ್ಣನೆ ಬೆಳಕಿನಲ್ಲಿ ಆ ನೀಲಿ ಬೂದಿ ಬಳಿದಂತೆ ಕಾಣುತ್ತದೆ.

ನಿಮಗೆ ಬೇಕಾದ್ದು ಕೆನೆ ಬಣ್ಣ, ಆದರೆ ಎಲ್ಲ ಕೆನೆಯೂ ಒಂದೇ ಅಲ್ಲ. ಕೆಲವು ಗುಲಾಬಿ ಕಡೆ ವಾಲುತ್ತವೆ, ಕೆಲವು ಹಳದಿ ಕಡೆ. ಉಜ್ಜಿ ಹೊಳಪು ಬಂದ ಕೆಂಪು ನೆಲ ತನ್ನ ಬಣ್ಣವನ್ನು ಗೋಡೆಯ ಕೆಳಗಿನ ಎರಡು-ಮೂರು ಅಡಿಗೆ ಎರಚುತ್ತದೆ, ಹಗಲು ಹೊತ್ತಿನಲ್ಲಿ ಗಮನಿಸಿ ನೋಡಿದರೆ ಗೊತ್ತಾಗುತ್ತದೆ. ಗುಲಾಬಿ ಕಡೆಯ ಕೆನೆ ಬಳಿದರೆ ಅಷ್ಟು ಭಾಗ ಪೀಚ್ ಬಣ್ಣಕ್ಕೆ ತಿರುಗುತ್ತದೆ, ಮೇಲೆ ಒಂದು ಬಣ್ಣ, ಕೆಳಗೆ ಇನ್ನೊಂದು. ಆದ್ದರಿಂದ ಹಳದಿ ಕಡೆಗೆ ವಾಲಿದ, ಸ್ವಲ್ಪ ಬೂದು ಬೆರೆತ ಕೆನೆ ಆರಿಸಿ. ಯಾವ ಕಡೆ ವಾಲಿದೆ ಎಂದು ತಿಳಿಯಲು ಶೇಡ್ ಕಾರ್ಡ್‌ನ ಅದೇ ಪಟ್ಟಿಯಲ್ಲಿ ಅತಿ ಗಾಢವಾದ ಬಣ್ಣ ನೋಡಿ. ಅಲ್ಲಿ ಗುಟ್ಟು ಬಯಲಾಗುತ್ತದೆ. ತಿಳಿ ಬಣ್ಣವನ್ನು ಬಿಳಿ ಎ4 ಹಾಳೆ ಮೇಲಿಟ್ಟು ನೋಡಿದರೂ ಸರಿ. ಬೆಳಕು ಎಷ್ಟು ಹಿಂದಿರುಗಿಸುತ್ತದೆ ಎಂಬ ಅಂಕವನ್ನೂ (ಎಲ್‌ಆರ್‌ವಿ, 0ರಿಂದ 100) ಅಂಗಡಿಯವರಲ್ಲಿ ಕೇಳಿ. ಮುಚ್ಚಿಗೆ ಬೆಳಕು ನುಂಗುವ ಹಾಲ್‌ನಲ್ಲಿ ಗೋಡೆ 65ರಿಂದ 75ರ ನಡುವೆ ಇರಲಿ.

ಎರಡು-ಮೂರು ಶೇಡ್ ಆರಿಸಿ ಚಿಕ್ಕ ಡಬ್ಬ ತಂದು, 2×2 ಅಡಿಯ ದಪ್ಪ ರಟ್ಟಿಗೆ ನಾಲ್ಕು ಗಂಟೆ ಅಂತರದಲ್ಲಿ ಎರಡು ಕೋಟ್ ಹೊಡೆಯಿರಿ. ಗೋಡೆಗೇ ಹೊಡೆದು ನೋಡಬೇಡಿ, ಸುತ್ತಲಿನ ಹಳೆ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ರಟ್ಟನ್ನು ಅಂಚಿನವರೆಗೂ ಬಳಿಯಿರಿ, ಬಿಳಿ ಉಳಿಸಬೇಡಿ. ಒಂದು ದಿನ ನೆಲಕ್ಕೆ ತಾಗಿಸಿ, ಒಂದು ದಿನ ಬಾಗಿಲಿನ ಪಕ್ಕ, ಒಂದು ದಿನ ಕಿಟಕಿಯ ಎದುರು ಗೋಡೆಗೆ ಇಡಿ. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ, ಸಂಜೆ ಐದಕ್ಕೆ, ರಾತ್ರಿ ಲೈಟ್ ಹಾಕಿದ ಮೇಲೆ ನೋಡಿ. ಎಮಲ್ಷನ್ ಒಣಗಿದ ಮೇಲೆ ಒಂದಿಷ್ಟು ಗಾಢವಾಗುತ್ತದೆ, ನಾಲ್ಕೂ ಗೋಡೆಗೆ ಬಂದಾಗ ಇನ್ನೂ ಜೋರು ಕಾಣುತ್ತದೆ. ಎರಡು ಶೇಡ್ ನಡುವೆ ಮನಸ್ಸು ತೂಗಾಡಿದರೆ ಮಂಕಾಗಿರುವುದನ್ನೇ ಆರಿಸಿ.

ಎದುರು ಬಣ್ಣದ ಆಸೆ ಬಿಡಬೇಕಾಗಿಲ್ಲ, ಅದನ್ನು ಬಟ್ಟೆಯಲ್ಲಿ ತೀರಿಸಿಕೊಳ್ಳಿ. ರೆಡ್ ಆಕ್ಸೈಡ್ ಅಚ್ಚ ಕೆಂಪಲ್ಲ, ಕಿತ್ತಳೆ ಕಡೆಗಿನ ಇಟ್ಟಿಗೆ ಕೆಂಪು. ಅದರ ನಿಜವಾದ ಎದುರು ಬಣ್ಣ ನೀಲಿ ಬೆರೆತ ಹಸಿರು, ಅಂದರೆ ನವಿಲು ಬಣ್ಣ. ಹಲಸಿನ ಕಂದು ಕೂಡ ಮೂಲದಲ್ಲಿ ಕತ್ತಲಾದ ಕಿತ್ತಳೆ, ಅದಕ್ಕೆ ಎದುರು ನೀಲಿ. ಎರಡಕ್ಕೂ ಗಾಢ ನವಿಲು ಬಣ್ಣವೋ ಇಂಡಿಗೊ ನೀಲಿಯೋ ಒಪ್ಪುತ್ತದೆ: ನಾಲ್ಕು ಕುಶನ್, ಒಂದು ದರಿ, ಅಷ್ಟು ಸಾಕು. ಪರದೆಗೆ ಆ ಬಣ್ಣ ಬೇಡ, ಇರುವ ಸ್ವಲ್ಪ ಬೆಳಕನ್ನೂ ತಡೆಯುತ್ತದೆ. ಬ್ಲೀಚ್ ಮಾಡದ ಕಾಟನ್ ಬಟ್ಟೆ ಹಾಕಿ. ಒಂದು ಗೋಡೆಗೆ ಮಾತ್ರ ಕಡು ಬಣ್ಣ ಹೊಡೆಸುವ ಯೋಚನೆಯೂ ಈ ಹಾಲ್‌ಗೆ ಬೇಡ, ನಿಮ್ಮ ನೆಲವೇ ಆ ಗೋಡೆಯ ಕೆಲಸ ಮಾಡುತ್ತಿದೆ.

ಬಲ್ಬ್ ವಿಷಯದಲ್ಲಿ ತುಂಬ ಮನೆಗಳು ಸೋಲುತ್ತವೆ. 6500 ಕೆಲ್ವಿನ್‌ನ ಕೂಲ್ ಡೇಲೈಟ್ ಎಲ್‌ಇಡಿ ಕೆನೆಯನ್ನು ಕೊಲ್ಲುತ್ತದೆ, ಮರವನ್ನು ಬೂದಾಗಿಸುತ್ತದೆ. 3000 ಕೆಲ್ವಿನ್‌ನ ಹಳದಿ ಬೆಳಕಿನದು ತನ್ನಿ, ಓದುವ ಜಾಗಕ್ಕೆ 4000. ಪೆಟ್ಟಿಗೆ ಮೇಲೆ ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 90 ಅಥವಾ ಹೆಚ್ಚು ಇರಬೇಕು. ಅಗ್ಗದ ಎಲ್‌ಇಡಿಯಲ್ಲಿ ಕಡುಗೆಂಪು ಬೆಳಕು ಕಡಿಮೆ, ಅಷ್ಟು ಚಂದದ ನೆಲ ಅದರಡಿ ಬರೀ ಕಂದಾಗಿ ಕಾಣುತ್ತದೆ.

ಹೊಡೆಸುವ ಮೊದಲು ಗೋಡೆಯ ತೇವ ನೋಡಿ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಒಂದು ದಿನ ಬಿಡಿ. ಹಾಳೆಯ ಹಿಂದೆ ನೀರ ಹನಿ ಕೂತರೆ ತೇವ ಗೋಡೆಯೊಳಗಿದೆ, ಕಾಯಬೇಕು. ಹೊರಗೆ ಕೂತರೆ ಅದು ಕೋಣೆಯ ಹವೆ. ಮಲೆನಾಡಿನಲ್ಲಿ ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಈ ಕೆಲಸ ಮುಗಿಸಿಕೊಳ್ಳುವುದು ಕ್ಷೇಮ. ಹಳೆ ಡಿಸ್ಟೆಂಪರ್ ಇದ್ದರೆ ಕೆರೆದು ಪ್ರೈಮರ್ ಹೊಡೆಯಲೇಬೇಕು, ಇಲ್ಲವಾದರೆ ಹೊಸ ಬಣ್ಣ ಹಳೆಯದನ್ನೂ ಎಳೆದುಕೊಂಡು ಸಿಪ್ಪೆ ಏಳುತ್ತದೆ. ಎರಡು ಕೋಟ್‌ಗೆ ಲೀಟರ್‌ಗೆ ಸುಮಾರು 120 ಚದರ ಅಡಿ ಹಿಡಿದರೆ 440ಕ್ಕೆ 3.7 ಲೀಟರ್, 4 ಲೀಟರ್‌ನ ಒಂದೇ ಡಬ್ಬ ತನ್ನಿ. ಲೀಟರ್ ಡಬ್ಬ ನಾಲ್ಕು ತಂದರೆ ಎಲ್ಲವನ್ನೂ ಒಂದು ಬಕೆಟ್‌ಗೆ ಸುರಿದು ಕಲಸಿಯೇ ಶುರು ಮಾಡಿ, ಮಿಕ್ಸಿಂಗ್‌ನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಗೋಡೆ ಮಧ್ಯೆ ಗೆರೆ ಕಾಣುತ್ತದೆ. ಫಿನಿಶ್ ಮ್ಯಾಟ್ ಇರಲಿ. ಹೊಳಪಿನದು ನೆಲದ ಕೆಂಪನ್ನು ಇನ್ನಷ್ಟು ಎತ್ತಿಕೊಳ್ಳುತ್ತದೆ, ಹಳೆ ಗೋಡೆಯ ಉಬ್ಬುತಗ್ಗನ್ನೂ ತೋರಿಸುತ್ತದೆ.

ತಂದಿಟ್ಟ ಹಸಿರು ದಂಡವಾಗುವುದಿಲ್ಲ, ಅದನ್ನು ಹಿಂದಿನ ಕೋಣೆಗೆ ಹೊಡೆಸಿ. ಅಲ್ಲಿ ಕೆಂಪು ನೆಲವಿಲ್ಲ, ಸಂಜೆ ಪಶ್ಚಿಮದಿಂದ ಬರುವ ಹಳದಿ ಬಿಸಿಲನ್ನು ತಿಳಿ ಹಸಿರು ತಣ್ಣಗಾಗಿಸುತ್ತದೆ. ಹಾಸಿಗೆ ಬಟ್ಟೆಗೆ ಚಕ್ರದಲ್ಲಿ ಹಸಿರಿನ ಅಕ್ಕಪಕ್ಕದವನ್ನೇ ತೆಗೆದುಕೊಳ್ಳಿ, ಮಂಕು ನೀಲಿ ಹಸಿರು ಅಥವಾ ಎಳೆ ಬಾಳೆಎಲೆಯ ಬಣ್ಣ. ಗೋಡೆ ಸುಮಾರು 380 ಚದರ ಅಡಿ ಆಗುತ್ತದೆ, ಮೂರೂಕಾಲು ಲೀಟರ್ ಹಿಡಿಯುತ್ತದೆ. ಉಳಿದದ್ದನ್ನು ಗಾಳಿಯಾಡದಂತೆ ಮುಚ್ಚಿ, ಡಬ್ಬದ ಮೇಲೆ ಶೇಡ್ ನಂಬರ್ ಬರೆದಿಡಿ, ಮುಂದಿನ ಮಳೆಗಾಲ ಕಳೆದ ಮೇಲೆ ಕಿಟಕಿ ಕೆಳಗೆ ತೇಪೆ ಹಾಕಲು ಬೇಕಾಗುತ್ತದೆ.