ನೀವು ಕೇಳಿದ್ದು: ಸಾಮಾಜಿಕ ನ್ಯಾಯದ ಚಿತ್ರೋತ್ಸವಕ್ಕೆ ವಾಲಂಟಿಯರ್ ಆಗುವವರಿಗೆ

ಪ್ರಶ್ನೆ: ನಮ್ಮ ಕಾಲೇಜಿನ ಸಭಾಂಗಣದಲ್ಲಿ ಜಾತಿ, ದುಡಿಮೆ, ಮಹಿಳಾ ಹಕ್ಕುಗಳ ಬಗೆಗಿನ ಸಾಕ್ಷ್ಯಚಿತ್ರಗಳ ಎರಡು ದಿನದ ಉತ್ಸವವಿದೆ. ವಾಲಂಟಿಯರ್ ಆಗಿ ಹೆಸರು ಕೊಟ್ಟಿದ್ದೇನೆ. ಮೊದಲೇ ಏನೇನು ಕೇಳಿಕೊಳ್ಳಬೇಕು?
– ಪದವಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಬಾಗಿಲು, ನೋಂದಣಿ ಮೇಜು, ಪ್ರೊಜೆಕ್ಟರ್, ಸಂವಾದದ ಮೈಕ್, ಅತಿಥಿಗಳ ಓಡಾಟ. ಇವುಗಳಲ್ಲಿ ಒಂದನ್ನು ಹಿಡಿದುಕೊಳ್ಳಿ. ‘ಎಲ್ಲದಕ್ಕೂ ಇರ್ತೀನಿ’ ಅಂದವರಿಗೆ ಕೊನೆಗೆ ಉಳಿಯುವುದು ಚಹಾ ತರುವ ಕೆಲಸ. ನಿಮ್ಮ ಪಾಳಿ ಎಷ್ಟು ಹೊತ್ತು, ಯಾರಿಗೆ ವರದಿ ಮಾಡಬೇಕು ಎಂಬುದನ್ನು ಎಲ್ಲರೂ ಕೇಳುತ್ತಾರೆ. ಗಲಾಟೆಯಾದರೆ ಪ್ರದರ್ಶನ ನಿಲ್ಲಿಸುವ ತೀರ್ಮಾನ ಯಾರದು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದಕ್ಕೆ ಒಂದೇ ಹೆಸರು, ಒಂದೇ ಫೋನ್ ನಂಬರ್ ಇರಬೇಕು.

ನಿಮ್ಮ ಪಾಳಿಯ ಚಿತ್ರಗಳನ್ನು ಮೊದಲೇ ನೋಡಿಕೊಳ್ಳಿ. ‘ಮಕ್ಕಳನ್ನ ಕರ್ಕೊಂಡು ಹೋಗಬಹುದಾ?’ ಎಂದು ಬಾಗಿಲಲ್ಲಿ ಕೇಳಿದಾಗ ಉತ್ತರ ಗೊತ್ತಿರಬೇಕು. ಇನ್ನು ಚಿತ್ರ ಮುಗಿದ ಮೇಲೆ ‘ನಮ್ಮೂರಲ್ಲೂ ಹೀಗೇ ಆಗಿದೆ, ಏನು ಮಾಡೋಣ?’ ಎಂದು ಜನ ಬರುವುದು ವೇದಿಕೆಗಲ್ಲ, ಬಾಗಿಲಲ್ಲಿ ನಿಂತ ನಿಮ್ಮ ಹತ್ತಿರ. ಒಂದು ಹಾಳೆ ಅಚ್ಚು ಹಾಕಿಸಿಟ್ಟುಕೊಳ್ಳಿ: ಪರಿಶಿಷ್ಟರ ಮೇಲಿನ ದೌರ್ಜನ್ಯಕ್ಕೆ ಸಹಾಯವಾಣಿ 14566, ಉಚಿತ ಕಾನೂನು ನೆರವಿಗೆ 15100, ಮಹಿಳೆಯರಿಗೆ 181, ಮಕ್ಕಳಿಗೆ 1098. ಮ್ಯಾನ್‌ಹೋಲ್ ಸಾವಿನ ಚಿತ್ರವಿದ್ದರೆ 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆಯನ್ನೂ, ಒಳಚರಂಡಿ ಸಾವಿಗೆ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿದ್ದನ್ನೂ ಅದರಲ್ಲೇ ಸೇರಿಸಿ.

ಪ್ರಶ್ನೆ: ತಮಿಳು ಸಾಕ್ಷ್ಯಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ನಾವೇ ಮಾಡಿಸಿದ್ದೇವೆ. ಒಂದು ಲ್ಯಾಪ್‌ಟಾಪಿನಲ್ಲಿ ಅಕ್ಷರಗಳು ಚೆಲ್ಲಾಪಿಲ್ಲಿ, ಇನ್ನೊಂದರಲ್ಲಿ ಮಾತು ಮುಗಿದ ಮೇಲೆ ಸಾಲು ಬರುತ್ತದೆ. ಏನು ಮಾಡುವುದು?
– ಪ್ರೊಜೆಕ್ಷನ್ ತಂಡ, ಧಾರವಾಡ

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳು.

ಮೊದಲು ಅಕ್ಷರ. ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು ಎಲ್ಲ ಬೆರೆತು ಕಂಡರೆ ಟೈಪ್ ಮಾಡಿದವರು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟ್ ಬಳಸಿದ್ದಾರೆ ಎಂದರ್ಥ. ಎಲ್ಲ ಯಂತ್ರಗಳೂ ಓದುವ ಯೂನಿಕೋಡ್ ಅಕ್ಷರಕ್ಕೆ ಪರಿವರ್ತಿಸಿ, ಕಡತ ಉಳಿಸುವಾಗ ‘ಎನ್‌ಕೋಡಿಂಗ್’ ಎಂಬಲ್ಲಿ ಯುಟಿಎಫ್-8 ಆರಿಸಿ. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಜಾಗ ತಪ್ಪುವುದುಂಟು; ಊರು, ಜನರ ಹೆಸರುಗಳನ್ನು ಒಬ್ಬರು ಕೂತು ಓದಲೇಬೇಕು. ಬರೀ ಚೌಕಗಳು ಕಂಡರೆ ಆ ಲ್ಯಾಪ್‌ಟಾಪಿನಲ್ಲಿ ಕನ್ನಡ ಫಾಂಟ್ ಇಲ್ಲ, ಅಥವಾ ಪ್ಲೇಯರ್ ಬೇರೆ ಫಾಂಟ್ ಹಿಡಿದುಕೊಂಡಿದೆ. ನೋಟೋ ಸಾನ್ಸ್ ಕನ್ನಡ ಹಾಕಿಕೊಂಡು, ಪ್ಲೇಯರಿನ ಸಬ್‌ಟೈಟಲ್ ಸೆಟ್ಟಿಂಗ್‌ನಲ್ಲಿ ಅದನ್ನೇ ಆರಿಸಿ. ‘ಸ್ತ್ರೀ’ ಎಂಬುದು ಬಿಡಿಬಿಡಿ ತುಂಡಾಗಿ ಕಂಡರೆ ಪ್ಲೇಯರಿಗೆ ಒತ್ತು ಜೋಡಿಸಲು ಬರುತ್ತಿಲ್ಲ. ಆಗ ಚೆನ್ನಾಗಿ ಕಾಣುವ ಯಂತ್ರದಲ್ಲಿ ಸಬ್‌ಟೈಟಲನ್ನು ಚಿತ್ರದ ಮೇಲೆಯೇ ಅಚ್ಚೊತ್ತಿ ಹೊಸ ಕಡತ ಮಾಡಿಕೊಳ್ಳಿ. ಆಮೇಲೆ ಯಾವ ಲ್ಯಾಪ್‌ಟಾಪ್ ಆದರೂ ಚಿಂತೆಯಿಲ್ಲ.

ಇನ್ನು ತಾಳ. ಚಿತ್ರದ ಆರಂಭ, ನಡು, ಕೊನೆ ಮೂರೂ ಕಡೆ ಒಂದೊಂದು ನಿಮಿಷ ನೋಡಿ. ಮೂರು ಕಡೆಯೂ ಒಂದೇ ಅಂತರವಿದ್ದರೆ ಸುಲಭ: ವಿಎಲ್‌ಸಿ ಪ್ಲೇಯರಿನಲ್ಲಿ ಸಾಲು ತಡವಾಗಿ ಬಂದರೆ ‘ಜಿ’, ಬೇಗ ಬಂದರೆ ‘ಎಚ್’ ಕೀಲಿ. ಒಂದು ಒತ್ತಿಗೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಸರಿಯುತ್ತದೆ. ಆದರೆ ಆರಂಭದಲ್ಲಿ ಸರಿಯಿದ್ದು ಹೋಗ್ತಾ ಹೋಗ್ತಾ ಅಂತರ ಬೆಳೆದರೆ ಕೀಲಿ ಒತ್ತಿ ಪ್ರಯೋಜನವಿಲ್ಲ. ಚಿತ್ರ ಸೆಕೆಂಡಿಗೆ 25 ಫ್ರೇಮಿನದು, ಸಬ್‌ಟೈಟಲ್ ಕಟ್ಟಿದ್ದು 23.976 ಫ್ರೇಮಿನ ಪ್ರತಿಗೆ ಎಂದಾದರೆ ಒಂದು ಗಂಟೆಯ ಹೊತ್ತಿಗೆ ಸುಮಾರು ಎರಡೂವರೆ ನಿಮಿಷದ ವ್ಯತ್ಯಾಸ ಬರುತ್ತದೆ. ‘ಸಬ್‌ಟೈಟಲ್ ಎಡಿಟ್’ ಎಂಬ ಉಚಿತ ತಂತ್ರಾಂಶದಲ್ಲಿ ಫ್ರೇಮ್ ದರ ಬದಲಿಸಿ.

ಕಾಲೇಜು ಸಭಾಂಗಣದ ನೆಲ ಬಹುತೇಕ ಸಮತಟ್ಟು. ಪರದೆಯ ಕೆಳಅಂಚು ನೆಲದಿಂದ ನಾಲ್ಕೂವರೆ ಅಡಿಯಾದರೂ ಮೇಲಿರದಿದ್ದರೆ ಇಷ್ಟೆಲ್ಲ ಕಷ್ಟಪಟ್ಟ ಸಾಲುಗಳು ಮುಂದಿನವರ ತಲೆಯ ಹಿಂದೆ ಮಾಯ. ಹಾಗೇ, ಓದಲು ಬಾರದವರೂ ಕಣ್ಣು ಕಾಣದವರೂ ಬರುತ್ತಾರೆ. ಇಂಥ ಉತ್ಸವ ಅವರನ್ನು ಬಿಟ್ಟು ನಡೆದರೆ ಹೇಗೆ? ಸಬ್‌ಟೈಟಲ್ ಸಾಲುಗಳನ್ನು ಮುದ್ರಿಸಿಕೊಂಡು, ಚಿತ್ರದ ದನಿ ಸ್ವಲ್ಪ ತಗ್ಗಿಸಿ, ಒಬ್ಬರು ಮೈಕಿನಲ್ಲಿ ಕನ್ನಡದಲ್ಲಿ ಓದುತ್ತಾ ಹೋಗಬಹುದು. ಎರಡು ಸಲ ತಾಲೀಮು ಬೇಕು.

ಪ್ರಶ್ನೆ: ‘ಸೆನ್ಸಾರ್ ಆಗದ ಚಿತ್ರ ಹೇಗೆ ತೋರಿಸುತ್ತೀರಿ?’ ಎಂದು ಬಾಗಿಲಲ್ಲಿ ತಕರಾರು ತೆಗೆದರೆ?
– ಓದುಗರು, ಮೈಸೂರು

ಉತ್ತರ: ಪ್ರಶ್ನೆ ಹಳೆಯದು. 2004ರ ಮುಂಬೈ ಚಿತ್ರೋತ್ಸವದಲ್ಲಿ ಭಾರತೀಯ ಸಾಕ್ಷ್ಯಚಿತ್ರಗಳಿಗೆ ಸೆನ್ಸಾರ್ ಪ್ರಮಾಣಪತ್ರ ಬೇಕೆಂದಾಗ ನಿರ್ದೇಶಕರು ಪ್ರತಿಭಟಿಸಿ, ‘ವಿಕಲ್ಪ’ ಎಂಬ ಪರ್ಯಾಯ ಉತ್ಸವವನ್ನೇ ನಡೆಸಿದರು. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ 9ನೇ ಸೆಕ್ಷನ್‌ನಡಿ ಕೇಂದ್ರ ಸರ್ಕಾರ ವಿನಾಯಿತಿ ಕೊಡಬಹುದು. ಸಂಘಟಕರು ಚಿತ್ರಗಳ ಪಟ್ಟಿ, ಸಾರಾಂಶದೊಂದಿಗೆ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಮೊದಲೇ ಅರ್ಜಿ ಹಾಕುತ್ತಾರೆ. ವಿನಾಯಿತಿ ಸಿಗುವುದು ನೋಂದಾಯಿಸಿದ ಪ್ರತಿನಿಧಿಗಳಿಗೆ ತೋರಿಸುವುದಕ್ಕೆ. ‘ಪಾಪ, ದೂರದಿಂದ ಬಂದಿದ್ದಾರೆ’ ಎಂದು ಪಾಸ್ ಇಲ್ಲದವರನ್ನು ಒಳಗೆ ಬಿಟ್ಟರೆ ಆ ಷರತ್ತನ್ನೇ ಮುರಿದಂತೆ. ಸ್ಥಳದಲ್ಲೇ ನೋಂದಣಿಗೆ ಅವಕಾಶವಿದ್ದರೆ ಮೇಜಿಗೆ ಕಳಿಸಿ, ಹೆಸರು ಬರೆಸಿ, ಪಾಸ್ ಕೊಡಿಸಿ. ವಿನಾಯಿತಿ ಪತ್ರದ ಪ್ರತಿ ಬಾಗಿಲಲ್ಲಿರಲಿ. ವಾದಕ್ಕೆ ಇಳಿಯಬೇಡಿ, ಮೇಲೆ ಹೇಳಿದ ಆ ಒಂದು ನಂಬರಿಗೆ ಫೋನ್ ಮಾಡಿ.

ಪ್ರಶ್ನೆ: ಚಿತ್ರದಲ್ಲಿರುವ ಮಹಿಳೆಯರೇ ಸಂವಾದಕ್ಕೆ ಬರುತ್ತಾರೆ. ಮೈಕ್ ನನ್ನ ಪಾಲಿಗೆ ಬಂದಿದೆ.
– ಓದುಗರು, ಕಲಬುರಗಿ

ಉತ್ತರ: ಮೈಕನ್ನು ಪ್ರೇಕ್ಷಕರ ಕೈಗೆ ಕೊಡಬೇಡಿ, ನೀವೇ ಹಿಡಿದು ನಿಲ್ಲಿ. ಕೈಗೆ ಕೊಟ್ಟರೆ ಪ್ರಶ್ನೆ ಭಾಷಣವಾಗುತ್ತದೆ. ಎರಡು ಮೈಕ್ ಇದ್ದರೆ ಒಂದು ಹಿಂದಿನ ಸಾಲಿಗೆ ಮೀಸಲು. ಮುಂದಿನ ಸಾಲಿನ ಗಣ್ಯರು ಹೇಗೂ ಗಟ್ಟಿಯಾಗಿಯೇ ಮಾತಾಡುತ್ತಾರೆ. ಮೈಕಿಗೆ ಹಾಕುವ ಹೊಸ ಸೆಲ್ ಜೇಬಿನಲ್ಲಿರಲಿ.

ಅತಿಥಿಗಳು ಯಾವ ಪ್ರಶ್ನೆಗೆ ಉತ್ತರಿಸಲು ಇಷ್ಟಪಡುವುದಿಲ್ಲ, ಫೋಟೊ ತೆಗೆಯಬಹುದೇ ಎಂದು ನಿರೂಪಕರು ಮೊದಲೇ ಕೇಳಿಕೊಂಡು ನಿಮಗೂ ತಿಳಿಸಿರಬೇಕು. ಫೋಟೊ ಬೇಡ ಎನ್ನುವವರಿಗೆ ಕೆಂಪು ದಾರದ ಬ್ಯಾಡ್ಜ್ ಕೊಡುವುದು ಒಳ್ಳೆಯ ಉಪಾಯ, ಛಾಯಾಗ್ರಾಹಕರಿಗೆ ದೂರದಿಂದಲೇ ಕಾಣುತ್ತದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. ನಿಮ್ಮ ವಾಟ್ಸ್‌ಆ್ಯಪ್ ಸ್ಟೇಟಸ್ ಬಗ್ಗೆಯೂ ಎಚ್ಚರವಿರಲಿ. ಇನ್ನೊಂದು ಮಾತು: ಬಂದವರು ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾರೆ. ಪ್ರಯಾಣದ ಖರ್ಚು, ಗೌರವಧನದ ಲಕೋಟೆ ಸಂವಾದಕ್ಕೆ ಮೊದಲೇ ಅವರ ಕೈ ಸೇರಿದೆಯೇ ಎಂದು ಸಂಘಟಕರನ್ನು ಕೇಳಿ.

ಪ್ರಶ್ನೆ: ವೀಲ್‌ಚೇರಿನಲ್ಲಿ ಬರುವವರಿಗೆ ತಾತ್ಕಾಲಿಕ ಇಳಿಜಾರು ಎಷ್ಟು ಉದ್ದ ಬೇಕು?
– ಓದುಗರು, ಉಡುಪಿ

ಉತ್ತರ: ಒಂದಕ್ಕೆ ಹನ್ನೆರಡು. ಆರು ಅಂಗುಲದ ಮೆಟ್ಟಿಲಿಗೆ ಆರು ಅಡಿ ಹಲಗೆ. ಒಳಗೆ ಸಾಲಿನ ತುದಿಯ ಒಂದು ಕುರ್ಚಿ ತೆಗೆದಿಡಿ, ಅದೂ ನಡುವಿನ ಸಾಲಿನಲ್ಲಿ. ತೀರಾ ಮುಂದೆ ಕೂರಿಸಿದರೆ ಕತ್ತು ನೋಯುತ್ತದೆ, ಕೊನೆಯ ಸಾಲಿನಾಚೆ ಇಟ್ಟರೆ ಸಬ್‌ಟೈಟಲ್ ಕಾಣುವುದಿಲ್ಲ. ಶೌಚಾಲಯದ ಬಾಗಿಲನ್ನು ಹಿಂದಿನ ದಿನವೇ ಟೇಪ್ ಹಿಡಿದು ಅಳೆಯಿರಿ.