ಓದುಗರ ಪ್ರಶ್ನೆ: ಕೂಸು ನೋಡಿಕೊಳ್ಳುವ ಕೆಲಸಕ್ಕೂ ಲೆಕ್ಕ ಬೇಕು

ಪ್ರಶ್ನೆ: ಜೇವರ್ಗಿ ಕಾಲೊನಿಯಲ್ಲಿ ನಮ್ಮ ಮನೆಯಲ್ಲೇ ಬೇಬಿ ಸಿಟ್ಟಿಂಗ್ ಮಾಡುತ್ತೇನೆ. ಆರು ಮಕ್ಕಳು, ಒಬ್ಬರಿಗೆ ತಿಂಗಳಿಗೆ 2,000 ರೂಪಾಯಿ. ಬೆಳಗ್ಗೆ 8:30ರಿಂದ ಸಂಜೆ 6:30. ಹಾಲು, ಊಟ ಎಲ್ಲಾ ನಂದೇ. ಕಳೆದ ಎರಡು ತಿಂಗಳಿಂದ ಇಬ್ಬರು ರೊಕ್ಕ ಕೊಟ್ಟಿಲ್ಲ. ಕೇಳಿದರೆ ‘ಅಕ್ಕಾ, ಈ ತಿಂಗಳು ಸ್ವಲ್ಪ ಹೆಚ್ಚುಕಮ್ಮಿ ಆಗ್ಯಾದ’ ಅಂತಾರೆ. ಏಪ್ರಿಲ್ ಬಂದರೆ ಆಫೀಸು ಮಧ್ಯಾಹ್ನಕ್ಕೇ ಬಿಡುತ್ತದೆ, ಅರ್ಧ ಫೀಸು ತಗೊಳ್ಳಿ ಅಂತಾರೆ. ಮಕ್ಕಳನ್ನು ಬಿಡೋಕೆ ಮನಸ್ಸಿಲ್ಲ, ಕೈಯಲ್ಲಿ ಮಾತ್ರ ಏನೂ ಉಳಿಯುತ್ತಿಲ್ಲ. ಏನು ಮಾಡಲಿ?
– ಹೆಸರು ಬೇಡ, ಕಲಬುರಗಿ

ಉತ್ತರ: ಅಕ್ಕಾ, ನೀವು ಖರ್ಚು ಬರೆದಿಲ್ಲ. ಹಾಗಾಗಿ ನಾನೇ ಅಂದಾಜು ಹಾಕುತ್ತೇನೆ, ತಪ್ಪಿದ್ದರೆ ನಿಮ್ಮ ಅಂಕಿ ಹಾಕಿ ನೋಡಿ. ಹಾಲು, ಊಟ, ಹಣ್ಣಿಗೆ 3,600. ಗ್ಯಾಸು 600. ಸಹಾಯಕ್ಕೆ ಬರುವ ಹೆಣ್ಣುಮಗಳಿಗೆ 2,000. ಸಾಬೂನು, ಫಿನಾಯಿಲ್, ಕುಡಿಯುವ ನೀರಿನ ಕ್ಯಾನು ಎಲ್ಲಾ ಸೇರಿ 800. ಒಟ್ಟು 7,000. ಎಲ್ಲರೂ ಕೊಟ್ಟರೆ ಬರೋದು 12,000, ಉಳಿಯೋದು 5,000. ದಿನಕ್ಕೆ ಹತ್ತು ಗಂಟೆ, ತಿಂಗಳಿಗೆ 26 ದಿನ ಅಂದರೆ 260 ಗಂಟೆ ದುಡಿಮೆ. ಗಂಟೆಗೆ 20 ರೂಪಾಯಿಯೂ ಬೀಳುವುದಿಲ್ಲ! ಇನ್ನು ಆ ಇಬ್ಬರು ಕೊಡದ ತಿಂಗಳು ನಿಮಗೆ ಉಳಿದದ್ದು ಬರೀ 1,000. ಊಟಕ್ಕೆ ಮಾತ್ರ ಆರೂ ಮಕ್ಕಳು ಕೂತಿದ್ದವು ಅಲ್ವಾ?

ಈ ಲೆಕ್ಕವನ್ನು ಇವತ್ತೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ರೊಕ್ಕ ಕೇಳೋಕೆ ನಿಮಗೆ ನಾಚಿಕೆಯಾಗುತ್ತದೆ ಅನ್ನೋದು ಪತ್ರದಲ್ಲೇ ಗೊತ್ತಾಗುತ್ತದೆ. ಅಂಕಿ ಕಣ್ಣ ಮುಂದೆ ಇದ್ದರೆ ಆ ನಾಚಿಕೆ ಅರ್ಧ ಕಮ್ಮಿಯಾಗುತ್ತದೆ. ಬಾಕಿ ಇರುವ ಇಬ್ಬರಿಗೆ ಮಕ್ಕಳನ್ನು ಬಿಡೋಕೆ ಬಂದಾಗ ಬಾಗಿಲಲ್ಲಿ ಕೇಳಬೇಡಿ. ಆ ಹೊತ್ತಿನಲ್ಲಿ ಅವರಿಗೆ ಆಫೀಸಿನ ಅವಸರ, ನಿಮಗೆ ಕೂಸಿನ ಅಳು. ಸಂಜೆ ಫೋನ್ ಮಾಡಿ ಕರೆಸಿ, ಕೂರಿಸಿ ಮಾತಾಡಿ. ‘ನಿಮ್ಮದು 4,000 ಬಾಕಿ ಇದೆ. ಈ ತಿಂಗಳ ಫೀಸಿನ ಜೊತೆ 1,000 ಸೇರಿಸಿ ಕೊಡ್ತಾ ಹೋಗಿ, ನಾಲ್ಕು ತಿಂಗಳಲ್ಲಿ ತೀರುತ್ತದೆ’ ಅನ್ನಿ. ಅದಕ್ಕೂ ಒಪ್ಪದಿದ್ದರೆ ಆ ಜಾಗಕ್ಕೆ ಬೇರೆ ಮಗುವನ್ನು ತೆಗೆದುಕೊಳ್ಳಿ. ಮನಸ್ಸಿಗೆ ಕಷ್ಟ ಆಗುತ್ತದೆ, ಗೊತ್ತು. ಆದರೆ ಈಗ ಆ ಮಕ್ಕಳ ಹಾಲಿನ ದುಡ್ಡು ನಿಮ್ಮ ಮನೆ ಮಕ್ಕಳ ಪಾಲಿನಿಂದ ಹೋಗುತ್ತಿದೆ.

ಬೇಸಿಗೆ ವಿಷಯಕ್ಕೆ ಬರೋಣ, ನಮ್ಮ ಭಾಗದಲ್ಲಿ ಇದು ದೊಡ್ಡ ವಿಷಯವೇ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಸರ್ಕಾರಿ ಕಚೇರಿ ಬೆಳಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ. ಪಾಲಕರಿಗೆ ಕಾಣೋದು ಕಮ್ಮಿಯಾದ ಗಂಟೆಗಳು ಮಾತ್ರ. ನೀವು 7:30ಕ್ಕೇ ಬಾಗಿಲು ತೆಗೆಯಬೇಕು. ಹೊರಗೆ 42 ಡಿಗ್ರಿ ಇರುವಾಗ ಕೂಲರ್ ನಿಲ್ಲಿಸೋ ಹಾಗಿಲ್ಲ, ಅದಕ್ಕೆ ನೀರು ತುಂಬುತ್ತಲೇ ಇರಬೇಕು, ಮಕ್ಕಳಿಗೆ ಮಜ್ಜಿಗೆ, ಲಿಂಬು ಪಾನಕ ಜಾಸ್ತಿ ಬೇಕು. ಸಹಾಯದವಳ ಪಗಾರ ಅಷ್ಟೇ ಇರುತ್ತದೆ. ಅದರ ಮೇಲೆ ಆಸ್ಪತ್ರೆ, ಅಂಗಡಿ, ಬ್ಯಾಂಕಿನಲ್ಲಿ ಕೆಲಸ ಮಾಡುವವರ ಮಕ್ಕಳು ಸಂಜೆವರೆಗೂ ಇದ್ದೇ ಇರುತ್ತಾರೆ. ಅಂದಮೇಲೆ ನಿಮ್ಮ ದಿನ ಉದ್ದವಾಯಿತೇ ಹೊರತು ಗಿಡ್ಡ ಆಗಲಿಲ್ಲ. ಇದನ್ನೇ ಪಾಲಕರಿಗೆ ಬಿಡಿಸಿ ಹೇಳಿ. ವರ್ಷದ ಹನ್ನೆರಡೂ ತಿಂಗಳು ಒಂದೇ ಫೀಸು ಅಂತ ಗಟ್ಟಿಯಾಗಿ ನಿಲ್ಲಿ. ತೀರಾ ಬಿಡಲಿಲ್ಲ ಅಂದರೆ ಮಧ್ಯಾಹ್ನಕ್ಕೇ ಮಗುವನ್ನು ಕರೆದುಕೊಂಡು ಹೋಗುವವರಿಗೆ ಇನ್ನೂರು ರೂಪಾಯಿ ಬಿಡಬಹುದು. ಅರ್ಧ ಮಾತ್ರ ಬೇಡ.

ಫೀಸು ಏರಿಸಲೇಬೇಕು. ಶಾಲೆ ಶುರುವಾಗುವ ಜೂನ್ ತಿಂಗಳು ಅದಕ್ಕೆ ಸರಿ, ಮೇ ಮೊದಲ ವಾರವೇ ಎಲ್ಲರಿಗೂ ತಿಳಿಸಿಬಿಡಿ. 2,500 ಮಾಡಿದರೆ ಬರೋದು 15,000, ಉಳಿಯೋದು 8,000, ಗಂಟೆಗೆ 30 ದಾಟುತ್ತದೆ. ಇದೂ ಜಾಸ್ತಿ ಏನಲ್ಲ. ಫೀಸು ಪ್ರತಿ ತಿಂಗಳು 5ನೇ ತಾರೀಖಿನೊಳಗೆ, ಮುಂಗಡವಾಗಿ ಬರಲಿ. ತಿಂಗಳ ಕೊನೆಗೆ ಅಂದರೆ ನೀವು ಉದ್ರಿ ಕೊಟ್ಟ ಹಾಗೆ.

ಇದೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಎರಡು ಪ್ರತಿ ಮಾಡಿ ಇಬ್ಬರೂ ಸಹಿ ಹಾಕಿ. ಸಂಜೆ ತಡವಾದರೆ ಅರ್ಧ ಗಂಟೆಗೆ ಎಷ್ಟು, ಜ್ವರ ಬಂದ ದಿನ ಮಗುವನ್ನು ಕಳಿಸಬಾರದು, ಯಾವ ಹಬ್ಬಕ್ಕೆ ನಿಮ್ಮ ರಜೆ, ಮಗುವನ್ನು ಯಾರ ಕೈಗೆ ಕೊಡಬಹುದು, ಯಾರ ಕೈಗೆ ಕೊಡಬಾರದು ಅನ್ನೋದೂ ಅದರಲ್ಲಿರಲಿ. ಕೊನೆಯದು ದುಡ್ಡಿನ ಮಾತಲ್ಲ, ಆದರೂ ಬಿಡಬೇಡಿ. ‘ನಾನು ಮಾವ, ಕರ್ಕೊಂಡು ಹೋಗ್ತೀನಿ’ ಅಂತ ಯಾರೋ ಬಂದು ನಿಂತಾಗ ಆ ಹಾಳೆಯೇ ನಿಮ್ಮನ್ನು ಕಾಯುತ್ತದೆ.

ಫೀಸಿಗೆ ಬೇರೆ ಬ್ಯಾಂಕ್ ಖಾತೆ ಮಾಡಿಸಿ, ಕ್ಯೂಆರ್ ಕೋಡ್ ಗೋಡೆಗೆ ಅಂಟಿಸಿ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡಿಕೊಡುವ ‘ಉದ್ಯಮ್’ ನೋಂದಣಿಯನ್ನೂ ಮಾಡಿಸಿಕೊಳ್ಳಿ. ಆಧಾರ್, ಪ್ಯಾನ್ ಇದ್ದರೆ ಆನ್‌ಲೈನಿನಲ್ಲೇ ಆಗುತ್ತದೆ, ಸರ್ಕಾರಕ್ಕೆ ಒಂದು ಪೈಸೆಯೂ ಕಟ್ಟಬೇಕಾಗಿಲ್ಲ. ನೋಂದಣಿಗೆ ಸರ್ಕಾರಿ ಶುಲ್ಕ ಅಂತ ಯಾರಾದರೂ ಸಾವಿರ ಕೇಳಿದರೆ ಕೊಡಬೇಡಿ. ಮುಂದೆ ಕೂಲರ್, ಇನ್ವರ್ಟರ್ ತರೋಕೆ ಮುದ್ರಾ ಯೋಜನೆಯ ‘ಶಿಶು’ ಸಾಲ (ಸಣ್ಣ ಉದ್ಯೋಗಕ್ಕೆ ಕೊಡುವ ಅತಿ ಚಿಕ್ಕ ಸಾಲದ ಹೆಸರು ಅದು) ಕೇಳುವಾಗ ಈ ನೋಂದಣಿ ಪತ್ರ ಮತ್ತು ಖಾತೆಯ ಪಾಸ್‌ಬುಕ್ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ. ಅದು 50,000ದವರೆಗೆ ಸಿಗುತ್ತದೆ, ಅಡಮಾನ ಬೇಕಿಲ್ಲ. ಜಿಎಸ್‌ಟಿ ಭಯ ನಿಮಗೆ ಬೇಡ, ಸೇವೆ ಕೊಡುವವರಿಗೆ ಅದರ ನೋಂದಣಿ ವರ್ಷಕ್ಕೆ 20 ಲಕ್ಷ ವಹಿವಾಟು ದಾಟಿದ ಮೇಲಿನ ಮಾತು.

ಪ್ರಶ್ನೆ: ನಮ್ಮ ಸ್ತ್ರೀಶಕ್ತಿ ಸಂಘದ ಐದು ಜನ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಲೆಕ್ಕ ಇಡೋದು ಹೇಗೆ ಅಂತ ಒಂದು ದಿನ ಪೂರ್ತಿ ತರಬೇತಿ ಕೊಡಿಸಿದೆವು. ಯಾರೂ ಬರೆಯುತ್ತಿಲ್ಲ. ಹೇಗೆ ಕಲಿಸಬೇಕು?
– ಸಂಘದ ಪ್ರತಿನಿಧಿ, ಬೀದರ್

ಉತ್ತರ: ಹಾಲ್‌ನಲ್ಲಿ ಕೂರಿಸಿ ಹೇಳಿದ್ದು ಮನೆಗೆ ಬರುವಷ್ಟರಲ್ಲಿ ಮರೆತುಹೋಗುತ್ತದೆ. ಅದರಲ್ಲೂ ಆ ದಿನ ಅವರ ಮನೆಯ ಮಕ್ಕಳನ್ನು ಯಾರು ನೋಡಿಕೊಂಡರು? ನೀವೇ ಅವರ ಮನೆಗೆ ಹೋಗಿ. ಮಧ್ಯಾಹ್ನ ಊಟ ಆಗಿ ಮಕ್ಕಳು ಮಲಗಿದಾಗ ಅವರಿಗೆ ಒಂದು ಗಂಟೆ ಬಿಡುವಿರುತ್ತದೆ, ಆಗ ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ದೊಡ್ಡ ಲೆಡ್ಜರ್ ತಗೊಂಡು ಹೋಗಬೇಡಿ. ಗೋಡೆಯ ಕ್ಯಾಲೆಂಡರ್ ನೋಡಿ, ಎಷ್ಟೋ ಮನೆಗಳಲ್ಲಿ ಹಾಲಿನ ಲೆಕ್ಕ ಅದರ ಮೇಲೆ ಇದ್ದೇ ಇರುತ್ತದೆ, ಒಂದು ಅಂತಲೋ ಅರ್ಧ ಅಂತಲೋ. ಅಂದರೆ ಅವರಿಗೆ ಲೆಕ್ಕ ಬರುತ್ತದೆ. ಅದೇ ಕ್ಯಾಲೆಂಡರಿನಲ್ಲಿ ಯಾವ ಮಗು ಬಂತು, ಯಾರು ಎಷ್ಟು ಕೊಟ್ಟರು ಅನ್ನೋದನ್ನೂ ಬರೆಸಿ. ತಿಂಗಳ ಕೊನೆಗೆ ನೀವೂ ಅವರೂ ಸೇರಿ ಕೂಡಿಸಿ ನೋಡಿ.

ತಿಂಗಳಿಗೆ ಒಂದೇ ವಿಷಯ ಸಾಕು. ಮೊದಲ ತಿಂಗಳು ಖರ್ಚು, ಆಮೇಲೆ ಫೀಸು, ಆಮೇಲೆ ಬಾಕಿ ವಸೂಲಿ. ಬಾಕಿ ಕೇಳೋದನ್ನು ಬಾಯಿಬಿಟ್ಟು ಆಡಿಸಿ ಅಭ್ಯಾಸ ಮಾಡಿಸಿ. ನೀವು ಪಾಲಕರಾಗಿ ‘ಮುಂದಿನ ತಿಂಗಳು ಕೊಡ್ತೀನಿ ಬಿಡ್ರಿ’ ಅನ್ನಿ, ಅವರು ಉತ್ತರ ಕೊಡಲಿ. ಮೊದಲ ಸಲ ನಗುತ್ತಾರೆ, ಮೂರನೇ ಸಲಕ್ಕೆ ದನಿ ಗಟ್ಟಿಯಾಗುತ್ತದೆ. ಫೀಸು ಎಷ್ಟು ಅಂತ ನೀವು ಹೇಳಬೇಡಿ. ಅವರ ಖರ್ಚು ಅವರಿಗೆ ಗೊತ್ತು, ಅಂಕಿ ಅವರ ಬಾಯಿಂದಲೇ ಬರಲಿ. ನೀವು ಹೇಳಿದ ಫೀಸಿನ ಪರವಾಗಿ ಅವರು ಪಾಲಕರ ಎದುರು ನಿಲ್ಲಲಾರರು.

ಒಪ್ಪಂದದ ಹಾಳೆ ಪಾಲಕರಿಗೆ ಓದೋಕೆ ಬರುವ ಭಾಷೆಯಲ್ಲಿರಲಿ. ಬೀದರಿನಲ್ಲಿ ಉರ್ದು, ಮರಾಠಿ ಮನೆಗಳೂ ಇವೆಯಲ್ಲ. ಐವರೂ ಆಗಾಗ ಒಟ್ಟಿಗೆ ಸೇರಿದರೆ ಇನ್ನೊಂದು ದಾರಿಯೂ ತೆರೆಯುತ್ತದೆ, ಒಬ್ಬರಿಗೆ ಹುಷಾರಿಲ್ಲದ ದಿನ ಇನ್ನೊಬ್ಬರು ಮಕ್ಕಳನ್ನು ನೋಡಿಕೊಳ್ಳಬಹುದು. ಪಾಲಕರಿಗೆ ಮೊದಲೇ ಹೇಳಿ ಒಪ್ಪಿಸಿರಬೇಕು ಅಷ್ಟೇ.

ಪ್ರಶ್ನೆ: ನಾನು ಶಿಕ್ಷಕಿ. ದಸರಾ ರಜೆಯಲ್ಲಿ ಮಗ ನನ್ನ ಜೊತೆಯೇ ಇರುತ್ತಾನೆ. ಆದರೂ ಅವನನ್ನು ನೋಡಿಕೊಳ್ಳುವ ಅಕ್ಕ ಪೂರ್ತಿ ಫೀಸು ಕೇಳುತ್ತಾರೆ. ಇದು ಸರೀನಾ?
– ಒಬ್ಬ ತಾಯಿ, ಯಾದಗಿರಿ

ಉತ್ತರ: ಸರಿ. ರಜೆಯಲ್ಲಿ ನಿಮ್ಮ ಪಗಾರ ನಿಲ್ಲುವುದಿಲ್ಲ ಅಲ್ವಾ? ನಿಮ್ಮ ಮಗನ ಜಾಗವನ್ನು ಬೇರೆ ಮಗುವಿಗೆ ಕೊಡದೆ ಅವರು ಹಾಗೇ ಇಟ್ಟಿರುತ್ತಾರೆ, ಅದಕ್ಕೂ ಬೆಲೆ ಇದೆ. ಊಟದ ಖರ್ಚು ಉಳಿಯುತ್ತದೆ, ಅದನ್ನು ಬೇಕಾದರೆ ಕಳೆಯಿರಿ ಅಂತ ಕೇಳಬಹುದು. ಈ ಸಲ ಪೂರ್ತಿ ಕೊಟ್ಟುಬಿಡಿ. ಮುಂದಿನ ಬೇಸಿಗೆ ರಜೆಗೆ ಎಷ್ಟು ಅನ್ನೋದನ್ನು ಈಗಲೇ ಇಬ್ಬರೂ ಕೂತು ಮಾತಾಡಿ ಬರೆದಿಟ್ಟುಕೊಳ್ಳಿ.